ಅಪ್ಪನಿಗೆ ತುಂಬಾ ಸಂಶಯ

ಕುವೈತಿನ ಎಗೈಲಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಹಲ್ಲಿನ ಕ್ಲಿನಿಕ್ಕಿಗೆ ದಿನಾ ಬೆಳಿಗ್ಗೆ ಒಂದು ಮೂಕ ಫೋನು ಬರುತ್ತಿತ್ತು. ನಾನು ಬಂದು ಕೌಂಟರಿನ ಹಿಂದೆ ಕುಳಿತು, ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತಿರುವಾಗಲೇ ಅದು ಹೊಡೆದುಕೊಳ್ಳುತ್ತಿತ್ತು. ಎತ್ತಿ ಗುಡ್ ಮಾರ್ನಿಂಗ್ ಎಂದರೆ ಆ ಕಡೆ ಉಸಿರಿಲ್ಲ. ಇನ್ನೊಮ್ಮೆ ಹಲೋ ಅಂದರೆ ಟಕ್ ಎಂದು ಇಟ್ಟ ಸದ್ದು. ಕುವೈತಿನಲ್ಲಿ ಆಗ ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೆ ಮಾತು ಪುಕ್ಕಟೆ. ಹೆಂಗಸಿನ ದನಿ ಕೇಳಲೆಂದೇ ರಾಂಗ್ ನಂಬರ್ ಹಚ್ಚುವ ಪೋಲಿಗಳಿಗೆ ಅಲ್ಲಿ ಬರವಿರಲಿಲ್ಲ. ಆದರೆ ಪೋಲಿಯಾದವನು ಏನಾದರೂ ಒದರುತ್ತಾನೆ, ನಗುತ್ತಾನೆ, ಹಾಡುತ್ತಾನೆ. ಇವನಿಗೆ ನಾನು ಎತ್ತಿದೆ ಎಂಬುದಷ್ಟೇ ಸಾಕಾಗುತ್ತಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಹೆದರಿಕೆ ಬಂದ ಮೇಲೆ ಎಲ್ಲರೂ ಕಳ್ಳರಂತೆಯೇ ಕಾಣತೊಡಗಿದರು. ಪಕ್ಕದ ಔಷಧಿ ಅಂಗಡಿಯ ಮಿಸ್ರಿ, ಈಜಿಪ್ಟಿನವನು, ನನ್ನನ್ನು ನೋಡಿ ಸಲಾಂ ಹೇಳುವಾಗ ಅಷ್ಟು ಹಲ್ಲು ಯಾಕೆ ಬಿಡುತ್ತಾನೆ? ಕೆಳಗಿನ ಕಿರಾಣಿ ಅಂಗಡಿ ಬಕಾಲಾದ ಹುಡುಗ ನಾನು ಹಾಲು ತಗೊಳ್ಳಲು ಹೋದಾಗಲೆಲ್ಲ ಫೋನಿನ ಹತ್ತಿರವೇ ಯಾಕೆ ಇರುತ್ತಾನೆ? ದವಡೆ ಹಲ್ಲು ಕೀಳಿಸಿಕೊಂಡು ಹೋದ ಒಬ್ಬ ಮುದುಕನ ಮೇಲೂ ಅನುಮಾನಪಟ್ಟೆ, ಪಾಪ, ಅವನಿಗೆ ಬಾಯೇ ತೆರೆಯಲು ಬರುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಇವರಿಗೆ ಹೇಳಿದೆ.

"ಯಾರೋ ಕೆಲಸಿಲ್ಲದ ಪೋಲಿ ಇರಬೇಕು. ತಲಿ ಕೆಡಿಸ್ಕೋಬ್ಯಾಡ," ಅಂದರು ನನ್ನ ಗಂಡ. ಅಂದು, ಮತ್ತೆ ರೊಟ್ಟಿ ಮುರಿದುಕೊಂಡರು.

ನನಗೆ ಅದು ವಿಚಿತ್ರವೆನಿಸಿತು. 'ಇರಬೇಕು' ಎಂಬ ಮಾತು ಇವರ ಬಾಯಲ್ಲಿ ಬರುವುದೇ ಇಲ್ಲ. ಇವರು ಅಹ್ಮದಿ ಕಡೆಯ ಒಂದು ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಒತ್ತಡ ತೋರಿಸುವ ಗೇಜು, ಕಾವು ತೋರಿಸುವ ಮೀಟರು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಬಿಚ್ಚಿ ತಂದು, ಖಾತ್ರಿಯಿರುವ ಇನ್ನೊಂದು ಗೇಜಿನ ಪಕ್ಕದಲ್ಲಿಟ್ಟು ನೋಡುವುದು ಇವರ ಕೆಲಸ. ಸರಿಯಿದ್ದರೆ ಅದಕ್ಕೊಂದು ಸ್ಟಿಕರ್ ಹಚ್ಚಿ ವಾಪಸ್ಸು ಕೂಡಿಸುತ್ತಾರೆ. ಗೇಜು ಸುಳ್ಳು ಹೇಳಿದರೆ ಮಂದಿ ಸಾಯುತ್ತಾರೆ ಎಂದು ಮದುವೆಯಾದ ಹೊಸದರಲ್ಲೇ ನನಗೆ ಹೇಳಿದ್ದರು. ನಮ್ಮ ಕಡೆ ಹೊಸ ಹೆಂಡತಿಗೆ ಯಾರೂ ಹೇಳುವ ಮಾತಲ್ಲ ಅದು, ಆದರೂ ನನಗೆ ಇಷ್ಟವಾಗಿತ್ತು.

ಕೆಲಸದ ಚಾಳಿ ಮನೆಗೂ ಬರುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಗುಮಾನಿ: ಕಾವು ಐವತ್ತು ದಾಟಿದರೆ ಕೆಲಸ ನಿಲ್ಲಿಸಬೇಕಾಗುತ್ತದೆ, ಅದಕ್ಕೇ ಟಿ.ವಿ.ಯವರು ನಲವತ್ತೊಂಬತ್ತರ ಮೇಲೆ ಹೇಳುವುದಿಲ್ಲ. ಇವರು ಅದನ್ನೂ ಬಿಡಲಿಲ್ಲ. ಫಿಂಟಾಸಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ನೆರಳಿನಲ್ಲಿ, ಒಳ್ಳೆಯ ಥರ್ಮಾಮೀಟರ್ ತೂಗುಹಾಕಿ ಬೇಸಿಗೆಯುದ್ದಕ್ಕೂ ನೋಡಿದರು. ಟಿ.ವಿ. ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಇತ್ತು. ಅದನ್ನೂ ಹೋಗಿ ಎಲ್ಲರಿಗೂ ಹೇಳಿದರು. ಬೈದುಕೊಳ್ಳಲು ಸಿಕ್ಕ ಒಂದು ಸಂತೋಷವನ್ನು ಕಿತ್ತುಕೊಂಡರೆಂದು ಗೆಳೆಯರಿಗೆ ಸಿಟ್ಟು ಬಂತು.

ಇವರಿಗೆ ಹುಚ್ಚು ಹಿಡಿಸಿದ್ದು ಶುಕ್ರವಾರದ ಸಂತೆಯಲ್ಲಿ ಸಿಕ್ಕ ಹಳೆಯ ಒಂದು ಇಂಗ್ಲಿಷ್ ಪುಸ್ತಕ. ಯುರೋಪಿನಲ್ಲಿ ಹದಿನೆಂಟನೇ ಶತಮಾನದಲ್ಲಿ ವಿಜ್ಞಾನ ಹೇಗೆ ಬೆಳೆಯಿತು ಎಂಬ ಕಥೆ ಅದರಲ್ಲಿತ್ತು. ಆಮೇಲೆ ಊಟಕ್ಕೆ ಕುಳಿತರೆ ಅದೇ ಮಾತು. ಗುಡುಗು ಬಂದಾಗ ಚರ್ಚಿನ ಗಂಟೆ ಬಾರಿಸಿದರೆ ಸಿಡಿಲು ಓಡಿಹೋಗುತ್ತದೆ ಎಂದು ಜನ ನಂಬಿದ್ದರಂತೆ. ಸಾಯುತ್ತಿದ್ದದ್ದು ಮಾತ್ರ ಗಂಟೆಯ ಹಗ್ಗ ಹಿಡಿದವರೇ. ಉರಿಯುವ ವಸ್ತುವಿನೊಳಗೆ ಉರಿ ಎಂಬ ಒಂದು ಸತ್ವ ಇರುತ್ತದೆ, ಸುಟ್ಟಾಗ ಅದು ಹೊರಗೆ ಹೋಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳುತ್ತಿದ್ದರಂತೆ. ಹೊರಗೆ ಹೋದರೆ ತೂಕ ಇಳಿಯಬೇಕಲ್ಲ? ಸುಟ್ಟ ಲೋಹದ ತೂಕ ಏರುತ್ತಿತ್ತು. ಪಂಡಿತರ ಹತ್ತಿರ ಅದಕ್ಕೂ ಸಬೂಬು ಇತ್ತು, ಆ ಸತ್ವದ ತೂಕವೇ ಉಲ್ಟಾ ಎಂದುಬಿಟ್ಟರು. ಕೊನೆಗೆ ಪ್ಯಾರಿಸ್ಸಿನ ಒಬ್ಬ ತಕ್ಕಡಿಯ ಮನುಷ್ಯ ಗಾಜಿನ ಬುರುಡೆಯ ಬಾಯಿ ಮುಚ್ಚಿ, ಒಳಗೇ ಲೋಹ ಕಾಯಿಸಿ, ಮೊದಲೊಮ್ಮೆ ಆಮೇಲೊಮ್ಮೆ ತೂಗಿ ನೋಡಿದ. ಬಾಯಿ ಮುಚ್ಚಿರುವ ತನಕ ಒಟ್ಟು ತೂಕ ಬದಲಾಗಲಿಲ್ಲ, ತೆರೆದ ಕೂಡಲೇ ಗಾಳಿ ಒಳಗೆ ನುಗ್ಗಿ ತೂಕ ಏರಿತು. ಲೋಹಕ್ಕೆ ಏರಿದ ತೂಕ ಗಾಳಿಯದು ಎಂದು ಗೊತ್ತಾಯಿತು.

"ನೋಡು, ಯಾರೋ ಹೇಳಿದ್ರು ಅಂತ ಒಪ್ಪಲಿಲ್ಲ ಅಂವ. ತೂಗಿ ನೋಡಿದ," ಎಂದು ಇವರು ಮುದ್ದೆಪಲ್ಲೆಯ ಬಟ್ಟಲನ್ನೇ ಕೈಯಲ್ಲಿ ತೂಗಿ ತೋರಿಸುತ್ತಿದ್ದರು.

ನಾನು ವಿಜಯಪುರದಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್‌ಸಿ. ಮಾಡಿದವಳು. ಕಾಲೇಜಿನ ಲ್ಯಾಬಿನಲ್ಲಿ ಮೆಗ್ನೀಷಿಯಮ್ ಪಟ್ಟಿ ಸುಟ್ಟು ತೂಗಿ, ತೂಕ ಏರಿದ್ದನ್ನು ಬರೆದು, ಮಾರ್ಕು ತಗೊಂಡು ಮರೆತಿದ್ದೆ. ಇದರ ಹಿಂದೆ ಇಷ್ಟು ಜಗಳ ನಡೆದಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಇವರ ಕಥೆಗಳಿಗೆ ನಾನೂ ಕಿವಿ ಕೊಡುತ್ತಿದ್ದೆ, ನನ್ನ ಪ್ರಶ್ನೆಗಳನ್ನೂ ಹಾಕುತ್ತಿದ್ದೆ. ಆ ತಕ್ಕಡಿಯ ಮನುಷ್ಯನ ಹೆಂಡತಿಯೂ ಲ್ಯಾಬಿನಲ್ಲೇ ಇರುತ್ತಿದ್ದಳಂತೆ. ಅವನು ತೂಗಿ ಹೇಳಿದ್ದನ್ನು ಬರೆದುಕೊಳ್ಳುವವಳು ಅವಳು, ಉಪಕರಣಗಳ ಚಿತ್ರ ಬಿಡಿಸುವವಳು ಅವಳು. ಅವನು ಕೊನೆಗೆ ಹೇಗೆ ಸತ್ತ ಎಂದು ಕೇಳಿದಾಗ ಇವರು, "ತಲಿ ಕಡದ್ರು. ಅದು ರಾಜಕೀಯ ಬಿಡು, ವಿಜ್ಞಾನ ಅಲ್ಲ," ಎಂದು ಪುಟ ತಿರುವಿದರು. ನಾನೇ ಆಮೇಲೆ ಆ ಪುಟ ಓದಿದೆ. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಶಂಕೆ ಬಂದವರನ್ನು ಹಿಡಿದು ಹಾಕಲೆಂದೇ ಒಂದು ಕಾನೂನು ಮಾಡಿದ್ದರಂತೆ. ಶಂಕೆ ಬರಬಾರದೆಂದರೆ ಏನು ಮಾಡಬೇಕೆಂದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ.

ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಾನು ಕೆಲಸಕ್ಕೆ ಹೋಗುತ್ತೇನೆ ಅಂದೆ. ಇವರು ಬೇಡ ಅನ್ನಲಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಿಸಲು ತಾವೇ ಓಡಾಡಿದರು. ಹೋಗಿ ಬರುವ ತೊಂದರೆ ಬಗೆಹರಿದದ್ದು ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಮಂಗಳೂರಿನ ಕ್ಯಾಥೊಲಿಕ್ ದಂಪತಿಗಳಿಂದ. ಗಂಡ ಅದೇ ಕ್ಲಿನಿಕ್ಕಿನ ಆಫೀಸಿನಲ್ಲಿ ಕೆಲಸಕ್ಕಿದ್ದ, ಹೆಂಡತಿ ಆಸ್ಪತ್ರೆಯೊಂದರಲ್ಲಿ ನರ್ಸು. ಅವನು ಬೆಳಿಗ್ಗೆ ಕೆಳಗೆ ಹಾರ್ನ್ ಹಾಕುತ್ತಿದ್ದ, ನಾನು ಇಳಿದು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಕೊಂಕಣಿ ಭಕ್ತಿಗೀತೆಗಳ ಕ್ಯಾಸೆಟ್ಟು. ಅವನು ಮಾತಾಡಿದರೆ ಟ್ರಾಫಿಕ್ ಬಗ್ಗೆ, ಇಲ್ಲವೆಂದರೆ ಊರಿನಲ್ಲಿ ಕಟ್ಟಿಸುತ್ತಿರುವ ಮನೆಯ ಟೈಲ್ಸ್ ಬಗ್ಗೆ. ಅಷ್ಟು ಬೇಜಾರಿನ ಸಜ್ಜನನನ್ನು ನಾನು ಮತ್ತೆ ಕಂಡಿಲ್ಲ.

ಆ ವರ್ಷ ನವೆಂಬರಿನಲ್ಲಿ ಕನ್ನಡ ಸಂಘದವರು ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟರು. ವಿಷಯವನ್ನು ಮಕ್ಕಳೇ ಆರಿಸಿಕೊಳ್ಳಬಹುದು, ಮಾತು ಮಾತ್ರ ಕನ್ನಡದಲ್ಲೇ ಇರಬೇಕು. ನಮ್ಮ ಮಗಳು ಆಗ ಒಂಬತ್ತನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಅವಳ ಸ್ಕೂಲಿನಲ್ಲಿ ಆಗ ಯುರೋಪಿನ ಆ ಶತಮಾನದ ಪಾಠವೇ ನಡೆಯುತ್ತಿತ್ತು, ಅಪ್ಪನ ಕಥೆಗಳಂತೂ ಕಿವಿಯಲ್ಲಿ ತುಂಬಿದ್ದವು. ಎನ್‌ಲೈಟನ್‌ಮೆಂಟ್ ಬಗ್ಗೆಯೇ ಮಾತಾಡುತ್ತೇನೆ ಎಂದು ಹಟ ಹಿಡಿದಳು.

"ಕನ್ನಡದಾಗ ಅದಕ್ಕ ಜ್ಞಾನೋದಯ ಅಂತಾರ," ಅಂದರು ಇವರು.

ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಜ್ಞಾನೋದಯ ಆಗುವುದು ಮರದ ಕೆಳಗೆ ಕುಳಿತವರಿಗೆ, ಇಲ್ಲವೇ ತಡವಾಗಿ ಬುದ್ಧಿ ಬಂದ ಗಂಡಂದಿರಿಗೆ. "ಈಗ ಜ್ಞಾನೋದಯ ಆತೇನು?" ಎಂದು ನಾವು ಕೇಳುವುದೇ ಚುಚ್ಚಲಿಕ್ಕೆ. 'ಡೌಟ್' ಎಂಬುದಕ್ಕೆ ಏನನ್ನಬೇಕೆಂದು ಮಗಳು ಕೇಳಿದಳು. ಇವರು ಒಂದು ಕ್ಷಣವೂ ಯೋಚಿಸದೆ "ಸಂಶಯ" ಎಂದರು. ಅವಳು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಳು. ಬಾಯಿಪಾಠ ಮಾಡಿಸಿದ್ದು ನಾನೇ. ಸ್ವಂತ ಉದಾಹರಣೆ ಕೊಟ್ಟರೆ ಹೆಚ್ಚು ಮಾರ್ಕು ಎಂದು ಅವಳ ಟೀಚರ್ ಹೇಳಿದ್ದರು, ಆದ್ದರಿಂದ ಕೊನೆಯ ಕೆಲವು ಸಾಲುಗಳನ್ನು ಅವಳೊಬ್ಬಳೇ ಸೇರಿಸಿಕೊಂಡಿದ್ದಳು. ಅದನ್ನು ನಮಗೆ ತೋರಿಸಲಿಲ್ಲ, ಸರ್‌ಪ್ರೈಸ್ ಅಂದಳು.

ಸ್ಪರ್ಧೆ ಶುಕ್ರವಾರ ಬೆಳಿಗ್ಗೆ, ಒಂದು ಸ್ಕೂಲಿನ ಹಾಲಿನಲ್ಲಿ. ಅವಳು ಚೆನ್ನಾಗಿಯೇ ಶುರು ಮಾಡಿದಳು. ಗಂಟೆ ಹಗ್ಗದ ಕಥೆಗೆ ಜನ ತಲೆದೂಗಿದರು. ತಕ್ಕಡಿಯ ಕಥೆ ಬಂದಾಗ ಇವರ ಮುಖ ನೋಡಬೇಕಿತ್ತು, ತಾವೇ ಆ ಬುರುಡೆ ತೂಗಿದವರ ಹಾಗೆ ಕುಳಿತಿದ್ದರು. ಆಮೇಲೆ ಅವಳು ಉಸಿರು ತಗೊಂಡು ಕೊನೆಯ ಸಾಲುಗಳನ್ನು ಹೇಳಿದಳು:

"ನಮ್ಮ ಮನೆಯಲ್ಲೂ ವಿಜ್ಞಾನ ಇದೆ. ನಮ್ಮ ಅಪ್ಪನಿಗೆ ತುಂಬಾ ಸಂಶಯ. ಅಮ್ಮನ ಮೇಲೆ ದಿನಾ ಸಂಶಯ ಮಾಡುತ್ತಾರೆ. ಅಮ್ಮ ಕ್ಲಿನಿಕ್ಕಿಗೆ ಹೋಗುತ್ತೇನೆ ಅಂದರೆ ಸುಮ್ಮನೆ ನಂಬುವುದಿಲ್ಲ. ಫೋನ್ ಮಾಡುತ್ತಾರೆ, ಅಮ್ಮ ಹಲೋ ಅಂದರೆ ಇಟ್ಟುಬಿಡುತ್ತಾರೆ. ಇದಕ್ಕೆ ಪ್ರಯೋಗ ಅನ್ನುತ್ತಾರೆ. ಎಲ್ಲಾ ಅಪ್ಪಂದಿರೂ ಹೀಗೇ ಇರಬೇಕು. ಧನ್ಯವಾದಗಳು."

ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಕನ್ನಡದಲ್ಲಿ ಗಂಡನಿಗೆ ಸಂಶಯ ಎಂದರೆ ಒಂದೇ ಅರ್ಥ. ಸಿಡಿಲಿನ ಬಗ್ಗೆ, ಗಾಳಿಯ ಬಗ್ಗೆ ಯಾರಿಗೆ ಎಷ್ಟು ಸಂಶಯವಿದ್ದರೂ ಆಗುತ್ತದೆ, ಹೆಂಡತಿಯ 'ಮೇಲೆ' ಎಂದ ಕೂಡಲೇ ಆ ಶಬ್ದ ಮಲಗುವ ಕೋಣೆಗೆ ಹೋಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೆ ಎರಡು ಶಬ್ದವಿದೆ, ಡೌಟ್ ಬೇರೆ, ಸಸ್ಪಿಶನ್ ಬೇರೆ. ನಮ್ಮ ಹುಡುಗಿಗೆ ಅದು ಹೇಗೆ ಗೊತ್ತಿರಬೇಕು? ಇವರು ಎದ್ದು ನಿಂತು, ಎಲ್ಲರಿಗಿಂತ ದೊಡ್ಡದಾಗಿ ನಗುತ್ತಾ, "ಡೌಟ್ ರೀ, ಡೌಟ್! ವೈಜ್ಞಾನಿಕ ಮನೋಭಾವ ಅಂತ ಹೇಳ್ಲಿಕ್ಕೆ ಹೋಗಿ ಹಿಂಗಂದಾಳ," ಎಂದು ಎರಡೂ ಕೈ ಎತ್ತಿದರು. ಜನ ಚಪ್ಪಾಳೆ ಹೊಡೆದರು. ಸಮಾಧಾನಕರ ಬಹುಮಾನವನ್ನೂ ಕೊಟ್ಟರು.

ನಾನು ನಗಲಿಲ್ಲ. ನನಗೆ ಕೇಳಿಸಿದ್ದು ಫೋನಿನ ಮಾತು ಮಾತ್ರ. ಶನಿವಾರ ಮಗಳಿಗೆ ಸ್ಕೂಲಿಲ್ಲ, ಇವರಿಗೂ ಎಷ್ಟೋ ಸಲ ರಜೆ, ಕ್ಲಿನಿಕ್ಕು ಮಾತ್ರ ತೆರೆದಿರುತ್ತಿತ್ತು. ಅವಳು ಮನೆಯಲ್ಲಿ ಕುಳಿತು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಳು. ಉಳಿದ ದಿನ ಇವರು ರಿಫೈನರಿಯಿಂದ ಮಾಡುತ್ತಿದ್ದಿರಬೇಕು. ಔಷಧಿ ಅಂಗಡಿಯವನನ್ನು, ಬಕಾಲಾದ ಹುಡುಗನನ್ನು, ಆ ಹಲ್ಲು ಕೀಳಿಸಿಕೊಂಡ ಮುದುಕನನ್ನು ಸಂಶಯಿಸುತ್ತಾ ನಾನು ಕಳೆದ ಬೆಳಿಗ್ಗೆಗಳೆಲ್ಲ ನೆನಪಾದವು.

ಊಟದ ಸಾಲಿನಲ್ಲಿ ಮಂಗಳೂರಿನ ನರ್ಸು ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳ ಗಂಡ ತಟ್ಟೆ ಹಿಡಿದುಕೊಂಡು ದೂರದಲ್ಲಿ, ನಮ್ಮ ಕಡೆ ನೋಡಬಾರದೆಂದು ನಿರ್ಧರಿಸಿದವನಂತೆ ನಿಂತಿದ್ದ. ನಾನು ದಿನಾ ಹೋಗುವುದು ಯಾರ ಕಾರಿನಲ್ಲಿ, ಹಾಗಾದರೆ ಆ ಸಂಶಯ ಯಾರ ಜೊತೆ ಎಂದು ಅವರಿಬ್ಬರಿಗೂ ಅರ್ಥವಾಗಿತ್ತು.

"ನೀವು ಎಂತ ಟೆನ್ಶನ್ ಮಾಡ್ಬೇಡಿ ಮಾರಾಯ್ರೆ," ಅಂದಳು ಅವಳು ಮೆಲ್ಲಗೆ. "ನಾಳೆ ನಮ್ಮವರು ಹಾರ್ನ್ ಹಾಕ್ತಾರೆ. ನೀವು ಯಾವಾಗಿನ ಹಾಗೆ ಕೆಳಗೆ ಬನ್ನಿ. ನನಗೆ ನನ್ನ ಗಂಡ ಗೊತ್ತುಂಟು."

ಅವಳ ಆ ಕೊನೆಯ ಮಾತಿಗೆ ನನಗೆ ಅಳು ಬಂತು. ಸಾರು ಖಾರ ಎಂದು ಹೇಳಿ ಮೂಗು ಒರೆಸಿಕೊಂಡೆ.

ವಾಪಸ್ಸು ಬರುವಾಗ ಕಾರಿನಲ್ಲಿ ಇವರು ಮಗಳಿಗೆ ತಿದ್ದಿ ಹೇಳಿದರು, "ಸಂಶಯ ಅನಬಾರದು ಪುಟ್ಟಿ. ಪ್ರಶ್ನೆ ಮಾಡ್ತಾರ ಅನಬೇಕಿತ್ತು."

"ಬಟ್ ಅಪ್ಪಾ, ಯೂ ಓನ್ಲಿ ಟೋಲ್ಡ್ ಮಿ ಸಂಶಯ," ಅಂದಳು ಅವಳು ಹಿಂದಿನ ಸೀಟಿನಿಂದ, ಅಳುವ ದನಿಯಲ್ಲಿ.

"ಶಬ್ದ ಸರಿ ಇತ್ತು," ಅಂದೆ ನಾನು. ಇವರು ಕನ್ನಡಿಯಲ್ಲಿ ಹಿಂದೆ ನೋಡಿದರು, ನನ್ನ ಕಡೆ ತಿರುಗಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಬಹುಮಾನ ತೋರಿಸಲು ಗೆಳತಿಯ ಫ್ಲ್ಯಾಟಿಗೆ ಇಳಿದು ಹೋದಳು. ನಾನು ಚಹಾ ಮಾಡಲಿಲ್ಲ. ಸೀರೆಯನ್ನೂ ಬದಲಿಸದೆ ಇವರ ಎದುರಿನ ಕುರ್ಚಿಯಲ್ಲಿ ಕುಳಿತೆ.

"ಕ್ಲಿನಿಕ್ಕಿಗೆ ಫೋನ್ ಮಾಡೋರು ನೀವೇ ಏನ್ರೀ?"

"ಮುಟ್ಟಿದಿಯೋ ಇಲ್ಲೋ ಅಂತ ನೋಡತಿದ್ದೆ. ಹೈವೇದಾಗ ಎಷ್ಟು ಆ್ಯಕ್ಸಿಡೆಂಟ್ ಆಗ್ತಾವ, ನಿನಗ ಗೊತ್ತಿಲ್ಲೇನು?"

"ಮುಟ್ಟಿದಿಯೇನು ಅಂತ ಕೇಳೋರು ಬಾಯಿ ಬಿಟ್ಟು ಕೇಳ್ತಾರ. ಇಟ್ಟು ಬಿಡಂಗಿಲ್ಲ. ನಾ ಹೆದರಿ ನಿಮ್ಮ ಮುಂದ ಹೇಳಿದಾಗ ಯಾರೋ ಪೋಲಿ ಅಂದ್ರಿ."

ಇವರು ಟಿ.ವಿ. ರಿಮೋಟನ್ನು ಕೈಗೆತ್ತಿಕೊಂಡು ಕೆಳಗಿಟ್ಟರು. ಹೇಳಿದ ಸುಳ್ಳನ್ನು ನಿಭಾಯಿಸಲು ಬಾರದ ಮನುಷ್ಯ. ಅದೂ ಆ ಕ್ಷಣದಲ್ಲಿ ನನಗೆ ಸಿಟ್ಟು ತರಿಸಿತು.

"ಪ್ಲಾಂಟಿನ್ಯಾಗ ಒಬ್ಬಾಂವ ಅಂದ," ಎಂದು ನಿಧಾನವಾಗಿ ಶುರು ಮಾಡಿದರು. "ನಿಮ್ಮ ಮನಿಯವರು ದಿನಾ ಆ ಮಂಗಳೂರಿನವನ ಕಾರಿನ್ಯಾಗ ಹೋಗ್ತಾರಲ್ಲ, ಸೀದಾ ಕ್ಲಿನಿಕ್ಕಿಗೇ ಹೋಗ್ತಾರೇನು ಅಂತ. ಚೇಷ್ಟಿ ಮಾಡಿದ. ಅಷ್ಟೇ."

"ಯಾರೋ ಅಂದದ್ದನ್ನ ನಂಬಿದ್ರಿ."

"ನಂಬಲಿಲ್ಲ. ನಂಬಲಿಲ್ಲ ಅಂತನೇ ನೋಡಿದೆ."

"ನೋಡಿ ಏನು ಸಿಕ್ತು?"

"ಏನೂ ಇಲ್ಲ. ದಿನಾ ಟೈಮಿಗೆ ಸರಿಯಾಗಿ ನೀನೇ ಎತ್ತಿದಿ."

"ಮತ್ತ ಯಾಕ ಬಿಡಲಿಲ್ಲ?"

ಹೊರಗೆ ಮಸೀದಿಯಲ್ಲಿ ಅಸರ್ ನಮಾಜಿನ ಕರೆ ಶುರುವಾಯಿತು. ಅದು ಮುಗಿಯುವ ತನಕ ನಾನು ಆ ಪ್ಯಾರಿಸ್ಸಿನ ತಕ್ಕಡಿಯವನ ಹೆಂಡತಿಯ ಬಗ್ಗೆ ಯೋಚಿಸುತ್ತಿದ್ದೆ. ಜಗತ್ತಿನಲ್ಲಿ ಯಾರ ಮಾತನ್ನೂ ಒಪ್ಪದ ಗಂಡ, ಅವಳು ಬರೆದಿಟ್ಟ ಅಂಕಿಗಳನ್ನು ಒಪ್ಪುತ್ತಿದ್ದನಲ್ಲ. ಅವಳ ಕೈಯನ್ನೂ ಬಿಡದೆ ತಪಾಸಣೆ ಮಾಡುತ್ತಾ ಕುಳಿತಿದ್ದರೆ ಅವನಿಗೆ ಗಾಳಿಯನ್ನು ತೂಗಲು ಪುರುಸೊತ್ತು ಎಲ್ಲಿ ಸಿಗುತ್ತಿತ್ತು?

"ಗೇಜಿಗಾದ್ರೂ ಒಮ್ಮೆ ನೋಡಿ ಸ್ಟಿಕರ್ ಹಚ್ಚತೀರಿ," ಅಂದೆ. "ನನಗ ಯಾವಾಗ ಹಚ್ಚತೀರಿ?"

"ಹಂಗ ಮಾತಾಡಬ್ಯಾಡ."

"ಮತ್ತ ಹೆಂಗ ಮಾತಾಡಲಿ? ನೀವೇ ಹೇಳಿಕೊಟ್ಟ ಮಾತಿದು. ಉರಿ ಒಳಗ ಅದ ಅಂದವರು ತೂಕ ಇಳಿದ್ರೂ ತಮ್ಮದೇ ಸರಿ ಅಂತಿದ್ರು, ಏರಿದ್ರೂ ತಮ್ಮದೇ ಸರಿ ಅಂತಿದ್ರು. ಅವರದು ವಿಜ್ಞಾನ ಅಲ್ಲ ಅಂತ ನೀವೇ ನಗತಿದ್ರಿ. ನಾ ಫೋನ್ ಎತ್ತದಿದ್ರ ತಪ್ಪು ಸಿಗ್ತಿತ್ತು. ಎತ್ತಿದ್ರೂ ಬಿಡಲಿಲ್ಲ. ಒಂದೇ ಒಂದು ಹೇಳ್ರಿ. ಏನು ಕಂಡ್ರ ನಿಮ್ಮ ಸಂಶಯ ಹೋಗ್ತದ? ಅದನ್ನ ತೋರಸ್ತೀನಿ. ಈಗಲೇ."

ಇಂಥ ಪ್ರಶ್ನೆಗೆ ಇವರು ಹಾರಿಕೆಯ ಉತ್ತರ ಕೊಡುವವರಲ್ಲ ಎಂದು ನನಗೆ ಗೊತ್ತಿತ್ತು. ಕೈ ಹಿಡಿದು ತಪ್ಪಾಯಿತು ಎಂದುಬಿಟ್ಟಿದ್ದರೆ ನಾನೂ ಅತ್ತು, ಚಹಾ ಮಾಡಿ, ಆ ಸಂಜೆಗೆ ಮುಗಿಸಿಬಿಡುತ್ತಿದ್ದೆನೇನೋ. ಹಾಗೆ ಆಗಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತಲೂ ಇದ್ದೆ. ಇವರು ಮಾತ್ರ ನಿಜವಾಗಿಯೂ ಯೋಚಿಸಿದರು. ಹಣೆಗೆ ಕೈಹಚ್ಚಿ, ನೆಲ ನೋಡುತ್ತಾ, ಕೆಟ್ಟ ಮೀಟರಿನ ಮುಂದೆ ಕೂಡುವಂತೆ ಬಹಳ ಹೊತ್ತು ಕುಳಿತರು.

"ನನಗ ಗೊತ್ತಿಲ್ಲ," ಅಂದರು.

ಅದನ್ನು ಮಾತ್ರ ನಾನು ನಂಬಿದೆ. ಇವರು ಅದಕ್ಕಿಂತ ನಿಜವಾದದ್ದನ್ನು ಯಾವತ್ತೂ ಹೇಳಿರಲಿಲ್ಲ, ಅದಕ್ಕಿಂತ ನೋವಾಗುವುದನ್ನೂ ಹೇಳಿರಲಿಲ್ಲ. ಎದ್ದು ಒಳಗೆ ಹೋಗಿ ಸೀರೆ ಬಿಚ್ಚಿ ಮಡಚಿದೆ.

ಮರುದಿನ ಶನಿವಾರ. ಇವರಿಗೆ ರಜೆ. ಹೊತ್ತಿಗೆ ಸರಿಯಾಗಿ ಕೆಳಗೆ ಹಾರ್ನ್ ಆಯಿತು. ನಾನು ಚೀಲ ತಗೊಂಡು ಇಳಿದೆ. ನರ್ಸಿನ ಗಂಡ ಯಾವಾಗಿನಂತೆ ಹಿಂದಿನ ಬಾಗಿಲು ತೆರೆದುಕೊಟ್ಟ, ಕ್ಯಾಸೆಟ್ಟಿನ ದನಿ ತಗ್ಗಿಸಿದ. ಕ್ಲಿನಿಕ್ಕಿನಲ್ಲಿ ಆ ಬೆಳಿಗ್ಗೆ ಫೋನು ಹೊಡೆದುಕೊಳ್ಳಲಿಲ್ಲ. ಮೊದಲ ಪೇಶಂಟು ಬಂದರು, ಎರಡನೆಯವರೂ ಬಂದರು. ನನಗೆ ಫೋನಿನ ಕಡೆ ನೋಡುವುದನ್ನು ಬಿಡಲಾಗಲಿಲ್ಲ. ಇವರು ಬಿಟ್ಟರೋ, ಇಲ್ಲ ಬೇರೆ ದಾರಿ ಹುಡುಕಿಕೊಂಡರೋ? ಕೊನೆಗೆ ನಾನೇ ರಿಸೀವರ್ ಎತ್ತಿ ಮನೆಯ ನಂಬರ್ ಹಚ್ಚಿದೆ. ಎರಡು ಸಲ ರಿಂಗಾಯಿತು. "ಹಲೋ," ಅಂದರು ಇವರು. ಮನೆಯಲ್ಲೇ ಇದ್ದರು. ನಾನು ಏನೂ ಮಾತಾಡದೆ ಫೋನ್ ಇಟ್ಟೆ.